ದಪ್ಪ ಬಾಗಿಲಿನಾಚೆಯ ಉಸಿರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕ್ಯಾನ್ಸರ್‌ಗೆ ವಿಕಿರಣ ಕೊಡುವಾಗ ರೋಗಿಯ ಹೊರತು ಕೋಣೆಯಲ್ಲಿ ನರಪಿಳ್ಳೆಯೂ ಇರುವಂತಿಲ್ಲ. ರೋಗಿ ಮಗುವಾದರೆ, ಅಲುಗಾಡದಿರಲೆಂದು ಅರಿವಳಿಕೆ ಕೊಟ್ಟ ನಾನೂ ದಪ್ಪ ಬಾಗಿಲು ಮುಚ್ಚಿಸಿ, ಹೊರಗೆ ಕೂತು, ಪರದೆಯ ಮೇಲೆ ಮಗುವಿನ ಉಸಿರು ಕಾಯಬೇಕು. ಮೂಗಿಗೆ ಸಿಕ್ಕಿಸಿದ ಸಣ್ಣ ಕೊಳವೆ ಆ ಉಸಿರನ್ನು ಗೆರೆಯಾಗಿ ತೋರಿಸುತ್ತದೆ.

ಅವತ್ತು ಗೆರೆ ತೀರಾ ನಿಧಾನವಾಗಿ ಏಳುತ್ತಿತ್ತು.

"ಏನ್ ಮೇಡಂ, ಪುಟ್ಟಿ ನಮ್ಮ ತಾತನ ಥರ ಉಸಿರಾಡ್ತಿದ್ದಾಳೆ," ಎಂದು ಯಂತ್ರ ನಡೆಸುವವನು ನಕ್ಕ.

ನನಗೆ ನಗು ಬರಲಿಲ್ಲ. "ನಿಲ್ಸಪ್ಪ! ಬಾಗಿಲು ತೆಗಿ," ಎಂದು ಒಳಗೆ ಓಡಿದೆ.

ಪುಟ್ಟಿ ಚೆನ್ನಾಗೇ ಇದ್ದಳು. ಎದೆ ಬೇಗ ಬೇಗ ಏರಿಳಿಯುತ್ತಿತ್ತು. ಕೊಳವೆ ಮಾತ್ರ ಕಳಚಿ ನೆಲಕ್ಕೆ ಬಿದ್ದಿತ್ತು. ಆದರೂ ಮಂಚದ ಪಕ್ಕದ ಪರದೆಯಲ್ಲೂ ಗೆರೆ ನಿಧಾನವಾಗಿ ಏಳುತ್ತಲೇ ಇತ್ತು.

ಬಗ್ಗಿ ಎತ್ತಿಕೊಂಡೆ. ಅಷ್ಟು ತಣ್ಣಗಿನ ಕೋಣೆಯಲ್ಲಿ ಕೊಳವೆಯ ತುದಿ ಬೆಚ್ಚಗೆ ಒದ್ದೆಯಾಗಿತ್ತು.