ಖಾಲಿ ತೊಟ್ಟಿಲಿನ ಬಡಿತ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ದವಾಖಾನೆಯ ಕೆಲಸದ ಮೇಲೆ, ಎದೆ ತಪಾಸಣೆಗೆಂದು ಬಮ್ಮಿಗಟ್ಟಿಯ ದಾವೂದಸಾಬ ಕಾಕಾರ ಮನೆಗೆ ನಾನು ಹೋದದ್ದು ಹಾಡಹಗಲೇ. ಎದೆಗೆ ಅಂಟಿಸಿದರೆ ಹೃದಯದ ಗೋಡೆ ಹೇಗೆ ಅಲುಗುತ್ತದೆಂದು ಮೊಬೈಲಿನಲ್ಲಿ ಗೆರೆ ಎಳೆದು ತೋರಿಸುವ ಬಿಲ್ಲೆಯಂಥ ಸೆನ್ಸರ್ ನನ್ನ ಚೀಲದಲ್ಲಿತ್ತು. ಮೊದಲು ಅದನ್ನು ಅಲುಗದ ವಸ್ತುವಿನ ಮೇಲಿಟ್ಟು ಗೆರೆ ನೇರ ಮಾಡಿಕೊಳ್ಳಬೇಕು. ಬಾಜೂಕೇ ಹಿಟ್ಟಿನ ಗಿರಣಿ, ನೆಲವೆಲ್ಲ ನಡುಗುತ್ತಿತ್ತು. ಕಾಕಾರ ಮಗಳು ರುಬಿಯಾಳ ಹೆರಿಗೆಗೆಂದು ಕಲಘಟಗಿಯಿಂದ ತಂದ ಬಣ್ಣದ ತೊಟ್ಟಿಲು ಮಾತ್ರ ಮೆತ್ತನೆಯ ಗಾದಿಯ ಮೇಲಿತ್ತು. ಬಿಲ್ಲೆಯನ್ನು ಅದರಲ್ಲಿಟ್ಟೆ.

“ಖಾಲಿ ತೊಟ್ಟಿಲ ತೂಗಬಾರದ್ರಿ ಅಕ್ಕಾರ,” ಎಂದರು ಕಾಕಾರ ಹೆಂಡತಿ ಮೀರಾಬಿ.

“ತೂಗೂದಿಲ್ರಿ, ಬರೇ ಇಡ್ತೇನಿ.”

ಗೆರೆ ಏರಿಳಿಯತೊಡಗಿತು. ಗಿರಣಿಯದೇ ನಡುಕವೆಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು. ಗೆರೆ ನಿಲ್ಲಲಿಲ್ಲ. ಆಚೆ ಕುರ್ಚಿಯಲ್ಲಿ ಚಹಾವನ್ನು ಬಸಿಗೆ ಸುರಿದು ಕುಡಿಯುತ್ತಿದ್ದ ಕಾಕಾ ಕೆಮ್ಮಿದಾಗೊಮ್ಮೆ ಅದು ಜಿಗಿಯುತ್ತಿತ್ತು.

ಬಿಲ್ಲೆಯನ್ನು ತೆಗೆದು ಕಾಕಾರ ಎದೆಗೆ ಅಂಟಿಸಿದೆ. ಗೆರೆ ನೇರವಾಯಿತು, ಅಗದಿ ನೇರ. ಅಂಥ ಸೆಕೆಯಲ್ಲೂ ಅವರ ಎದೆ ತಣ್ಣಗಿತ್ತು. ಹೊಸ ತೊಟ್ಟಿಲಿನ ಅರಗಿನ ವಾಸನೆ ಅವರ ಮೈಯಿಂದ ಬರುತ್ತಿತ್ತು.

“ಛಲೋ ಐತೇನ್ರಿ?” ಎಂದು ನಕ್ಕರು.

ಎದ್ದುಹೋಗಿ ತೊಟ್ಟಿಲಿನ ಹಲಗೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಒಳಗಿನಿಂದ ಏನೋ ಮೆಲ್ಲಗೆ ದೂಡುತ್ತಿತ್ತು. ಆ ಬಡಿತ ನಿಂತರೆ ಸಾಕೆಂದು ಎರಡೂ ಕೈಯಿಂದ ಒತ್ತಿ ಹಿಡಿದೆ.

ಬೆನ್ನ ಹಿಂದೆ ಬಸಿ ಬಿದ್ದು ಒಡೆಯಿತು.

“ಕೈ ತಗೀರಿ ಅಕ್ಕಾರ,” ಕಾಕಾ ಏದುಸಿರಿನಲ್ಲಿ ಹೇಳಿದರು, “ಉಸಿರ ಕಟ್ಟಾಕತ್ತೈತಿ.”