ನಡುವಿನ ಹೆಸರಿಗೆ ಬಂದ ಖಾಲಿ ಪಟ್ಟಿ

ಆ ಬೆಳಗ್ಗೆ ಬ್ರೆಜಿಲ್‌ನ ರೆಸಿಫೆ ನಗರದ ಪ್ರವಾಹ ಎಚ್ಚರಿಕೆಯ ಪರೀಕ್ಷೆಯಲ್ಲಿ ಸೈರನ್ ಕೂಗಲೇ ಇಲ್ಲ. ಕಡಲಿನ ಉಬ್ಬರ ಅಳೆಯುವ ಮಾಪಕ ಕೆಟ್ಟು, ನದಿ ಮತ್ತು ಮಳೆಯ ಅಂಕಿಗಳಷ್ಟೇ ಬಂದಿದ್ದವು. ಹಾಗಾದಾಗ ಪ್ರೋಗ್ರಾಂ ನಿಂತು ಸೈರನ್ ಕೂಗಿಸಬೇಕಿತ್ತು. ಅದು ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

ಆ ಪ್ರೋಗ್ರಾಂ ಬರೆದಿದ್ದ ಕಂಪ್ಯೂಟರ್ ಭಾಷೆ ನಮ್ಮ ಪುಟ್ಟ ತಂಡವೇ ರೂಪಿಸಿದ್ದು. ಪಟ್ಟಿಯೊಂದರ ಅಂಕಿಗಳನ್ನು ನದಿ, ಮಳೆ, ಉಬ್ಬರ ಎಂಬಂಥ ಹೆಸರುಗಳಿಗೆ ಸಾಲಾಗಿ ಹಂಚುವ ಒಂದೇ ಒಂದು ನಿಯಮಕ್ಕಾಗಿ ವರ್ಷಗಟ್ಟಲೆ ಜಗಳವಾಡಿ ಎಲ್ಲರಿಗೂ ರೋಸಿಹೋಗಿತ್ತು. ಪಟ್ಟಿಯಲ್ಲಿ ಅಂಕಿ ಕಡಿಮೆ ಬಿದ್ದರೆ ಕೊನೆಯ ಹೆಸರುಗಳಿಗೆ ಶೂನ್ಯ ಕೊಟ್ಟು ಮುಂದೆ ಸಾಗಲಿ ಎಂದಿದ್ದ ಕ್ಲೋವಿಸ್. ಮೊದಲು ಎರಡು ತುದಿಯ ಹೆಸರುಗಳಿಗೆ ಒಂದೊಂದು ಕೊಟ್ಟು, ಮಿಕ್ಕದ್ದನ್ನು ಪಟ್ಟಿಯಾಗಿ ನಡುವಿನ ಹೆಸರಿಗೆ ಕೊಡೋಣ ಎಂದಿದ್ದಳು ಮಾರ್ಲೂಸಿ. ಎಣಿಕೆ ತಾಳೆಯಾಗದಿದ್ದರೆ ನಿಲ್ಲಲೇಬೇಕೆಂದು ತೀರ್ಮಾನವಾಗಿತ್ತು. ಅದನ್ನು ಯಾರೋ ಗುಟ್ಟಾಗಿ ತಿದ್ದಿದ್ದರು. ಎಲ್ಲರೂ ಕಂಪ್ಯೂಟರಿನಲ್ಲಿ ಒಂದೇ ಖಾತೆ ಬಳಸುತ್ತಿದ್ದುದರಿಂದ ಯಾರೆಂದು ತಿಳಿಯುವಂತಿರಲಿಲ್ಲ.

ನಿಲ್ಲದೆ ಸಾಗಲಿ ಎಂದಿದ್ದವನು ಅವನೇ ಎಂದು ನಾವೆಲ್ಲ ಕ್ಲೋವಿಸ್‌ನ ಮೇಲೆ ಮುಗಿಬಿದ್ದೆವು. ತಂಡದಿಂದ ಹೊರಹಾಕುವ ಮಾತೂ ಬಂತು.

ನಮ್ಮಲ್ಲಿ ಏನು ಕೆಟ್ಟರೂ ಪತ್ತೆ ಹಚ್ಚುತ್ತಿದ್ದವರು ನಾವು ಗೌರವದಿಂದ ಡೋನಾ ಎನ್ನುತ್ತಿದ್ದ ಹಿರಿಯರಾದ ಬೆರೆನೀಸಿ. ಅವರು ನನ್ನ ಪಕ್ಕ ಕುಳಿತು ಪರೀಕ್ಷೆಯನ್ನು ಮತ್ತೆ ಓಡಿಸಿದರು. ನದಿಯ ಅಂಕಿ ಸರಿಯಿತ್ತು. ಮಳೆಯ ಜಾಗದಲ್ಲಿ ಬರಿಯ ಆವರಣ ಚಿಹ್ನೆಗಳಿದ್ದವು. ಉಬ್ಬರದ ಜಾಗದಲ್ಲಿ ಮಳೆಯ ಅಂಕಿ ಕೂತಿತ್ತು. ಅವರು ಎಲ್ಲರನ್ನೂ ಮೇಜಿನ ಸುತ್ತ ಕರೆದರು.

"ಕ್ಲೋವಿಸ್ ಮಾಡಿದ್ರೆ ಕೊನೇದು ಶೂನ್ಯ ಆಗ್ಬೇಕಿತ್ತು. ಅಲ್ಲಿ ಮಳೆ ಅಂಕಿ ಇದೆ. ಅದು ಚಿಕ್ಕದು, ಉಬ್ಬರ ಕಡಿಮೆ ಅಂದ್ಕೊಂಡು ಸೈರನ್ ಸುಮ್ಮನಾಯ್ತು. ನಡುವೆ ಇರೋದೂ ಶೂನ್ಯ ಅಲ್ಲ, ಖಾಲಿ ಪಟ್ಟಿ. ಎರಡು ತುದಿಗೂ ಕೊಟ್ಟ ಮೇಲೆ ಏನೂ ಮಿಕ್ಕಿಲ್ಲ. ಈ ಯೋಚನೆ ಯಾರದು?"

ಎಲ್ಲರೂ ಮಾರ್ಲೂಸಿಯ ಕಡೆ ತಿರುಗಿದೆವು.

"ಎಷ್ಟು ಸಲ ವಿವರಿಸಿದೆ," ಎಂದಳು ಅವಳು. "ಪ್ರತಿ ಸಲ ಆಮೇಲೆ ನೋಡೋಣ ಅಂದ್ರಿ. ಓಡೋದನ್ನ ಕಂಡ್ರೆ ಒಪ್ತೀರಿ ಅಂದ್ಕೊಂಡೆ."

ಅವಳ ಯೋಚನೆ ಕೆಟ್ಟದ್ದಲ್ಲ, ಆದರೆ ಬರೆಯುವವರು ಆ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಕೇಳಿದಾಗ ಮಾತ್ರ ಹಾಗಾಗಬೇಕು ಎಂದರು ಬೆರೆನೀಸಿ. ಮಾರ್ಲೂಸಿ ಒಪ್ಪಿ ತಲೆಯಾಡಿಸಿದಳು.

ಕ್ಲೋವಿಸ್ ಚೀಲ ಹೆಗಲಿಗೇರಿಸಿದ. "ನೀನು ತಿದ್ದಿದ್ದಕ್ಕೆ ನಂಗೆ ಬೇಜಾರಿಲ್ಲ, ಮಾರ್ಲೂಸಿ. ಬೆಳಗ್ಗೆಯಿಂದ ಇವರು ನನ್ನ ಬೈತಿದ್ರಲ್ಲ, ಆಗ ನೀನು ಪಕ್ಕದಲ್ಲೇ ಕೂತಿದ್ದೆ."

ನಕ್ಷತ್ರದ ನಿಯಮ ಅದೇ ವಾರ ಭಾಷೆಗೆ ಸೇರಿತು. ಯಾರೂ ವಿರೋಧಿಸಲಿಲ್ಲ. ಅಂದು ಹೋದ ಕ್ಲೋವಿಸ್ ಮತ್ತೆ ಬಂದಿರಲಿಲ್ಲ.