ನಳಿಗೆಗೆ ಕಚ್ಚಿದ ಕೊಳವೆ

ಖಂಡೆನವಮಿಯ, ಅಂದರೆ ಆಯುಧಪೂಜೆಯ ದಿನ ಸಂಜೆ ಐದೂವರೆಗೆ ಗುರುಪಾದಪ್ಪ ಠಾಣೆಗೆ ಬಂದು ದೂರು ಬರೆಸಿದ. ಬೆಳಗಾವಿಯ ಆಟೋ ನಗರದಲ್ಲಿ ಅವನದೊಂದು ವರ್ಕ್‌ಶಾಪು. ಅಲ್ಲಿನ ಫಿಟ್ಟರ್ ಸಂಜಯ, ಖಾನಾಪುರದವನು, ಕುಡಿದು ಬಂದು ಗ್ರೈಂಡರ್ ಚಾಲೂ ಮಾಡಿದನಂತೆ. ಕಲ್ಲು ಸಿಡಿದು ಕುತ್ತಿಗೆಗೆ ಬಡಿಯಿತಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಠಾಣೆಯ ಬರಹಗಾರ ಅದನ್ನು ಅಸಹಜ ಸಾವು ಎಂದು ದಾಖಲಿಸಿಕೊಂಡು ಇನ್‌ಸ್ಪೆಕ್ಟರ್ ನೇತ್ರಾಳ ಮೇಜಿಗೆ ಕಳಿಸಿದ.

ಕಾಕತಿಯ ಹುಡುಗಿ ನೇತ್ರಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಇಲಾಖೆಯಲ್ಲೆಲ್ಲ ಮಾತಿದೆ. ಅದು ಸುಳ್ಳೂ ಅಲ್ಲ. ಮೊದಲ ಸಾಲಿನಲ್ಲೇ ಸತ್ತವನ ಮೇಲೆ ಗೂಬೆ ಕೂರಿಸುವ ದೂರು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಸತ್ತವನು ಎದ್ದು ಬಂದು ಅಲ್ಲ ಎನ್ನಲಾರನಲ್ಲ.

ಅಲ್ಲ ಎನ್ನಲು ಅವನ ಹೆಂಡತಿ ಬಂದಳು. ಪ್ರಮಿಳಾ ಶವಾಗಾರದಿಂದ ನೇರ ಠಾಣೆಗೆ ಬಂದಿದ್ದಳು. ಅತ್ತು ಕಣ್ಣು ಕೆಂಪಾಗಿದ್ದರೂ ದನಿ ಗಟ್ಟಿಯಾಗಿತ್ತು.

"ಕುಡಿದಿದ್ರು ಅಂತ ಬರಕೊಂಡೀರೇನ್ರಿ? ನಮ್ಮನಿಯವರು ಒಂದು ಹನಿ ಮುಟ್ಟಿದವರಲ್ಲ. ಹೋಳಗಿ ಊಟಕ್ಕ ಕುಂತಿದ್ರು. ಗುರುಪಾದಪ್ಪಣ್ಣನ ಫೋನ್ ಬಂತು, ತಾಟು ಬಿಟ್ಟು ಎದ್ದ್ರು."

"ಏನಂತ ಫೋನ್?"

"ಅರ್ಜಂಟ್ ಒಂದು ಕೆಲಸ ಐತಿ ಬಾ ಅಂತ. ಪೂಜಿ ಆದಮ್ಯಾಲೆ ಮಶಿನ್ ಮುಟ್ಟಂಗಿಲ್ಲ ಅಂದ್ರು ಇವರು. ಮಶಿನ್ ಬ್ಯಾಡ, ಕೈಲೇ ಬಿಚ್ಚೂದೈತಿ ಅಂದನಂತ."

"ಏನು ಬಿಚ್ಚೂದು?"

"ಅದನ್ನ ಅವನ್ನ ಕೇಳ್ರಿ. ಅದಕ್ಕ ಬಂದೀನಿ ನಾನು."

ನೇತ್ರಾ ಹೆಡ್ ಕಾನ್‌ಸ್ಟೆಬಲ್ ಮಾಯಪ್ಪನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಆಟೋ ನಗರಕ್ಕೆ ಹೊರಟಳು. ಬೀದಿಯ ತುಂಬ ಒಡೆದ ಕುಂಬಳಕಾಯಿ, ಪಟಾಕಿಯ ಕಾಗದ. ಗುರುಪಾದಪ್ಪ ಶಟರ್ ಎತ್ತಿ ಗ್ರೈಂಡರ್ ತೋರಿಸಿದ. ಅದಕ್ಕೆ ಹಾಕಿದ ಚೆಂಡುಹೂವಿನ ಮಾಲೆ ಒಂದು ಎಸಳೂ ಕದಲದೆ ಹಾಗೇ ಇತ್ತು. ಕಲ್ಲು ಇಡಿಯಾಗಿತ್ತು, ಅದರ ಮೇಲೆ ಇಟ್ಟ ಕುಂಕುಮ ಕೂಡ ಅಳಿಸಿರಲಿಲ್ಲ.

"ಖಂಡೆಪೂಜಿ ಆದ ಮಶಿನ್ ಮರುದಿನದ ತನಕ ಯಾರೂ ಚಾಲೂ ಮಾಡಂಗಿಲ್ರಿ ಮೇಡಂ," ಎಂದ ಮಾಯಪ್ಪ. "ಸುಳ್ಳು ಹೇಳೂದಾದ್ರೂ ಇವತ್ತಿನ ದಿನ ನೋಡಿ ಹೇಳಬೇಕಿತ್ತು."

ಮೂಲೆಯಲ್ಲಿ ಕಬ್ಬಿಣ ಹಿಡಿಯುವ ದೊಡ್ಡ ವೈಸ್ ಇತ್ತು. ಅದರ ಮಾಲೆ ಹರಿದು ಕೆಳಗೆ ಬಿದ್ದಿತ್ತು. ನೆಲವನ್ನು ಆಗಷ್ಟೇ ತೊಳೆದ ಹಾಗಿತ್ತು, ಸೀಮೆಎಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಎದುರು ಗೋಡೆಗೆ ಹೊಸ ಮೊಳೆ ಹೊಡೆದು ಲಕ್ಷ್ಮಿಯ ಫೋಟೊ ತೂಗುಹಾಕಿದ್ದರು.

"ಮಾಯಪ್ಪ, ಫೋಟೊ ತಗೀರಿ."

ಮಾಯಪ್ಪ ಚಪ್ಪಲಿ ಬಿಟ್ಟು, ಕೈ ಮುಗಿದು ತೆಗೆದ. ಹಿಂದೆ ಬೆರಳು ತೂರುವಷ್ಟು ತೂತು ಬಿದ್ದಿತ್ತು. ಇಟ್ಟಿಗೆ ಕೆದರಿದಾಗ ಚಪ್ಪಟೆಯಾದ ಗುಂಡೊಂದು ಅಂಗೈಗೆ ಬಂತು. ಪಂಚರ ಮುಂದೆ ಅದನ್ನು ಡಬ್ಬಿಗೆ ಹಾಕಿ ಮೊಹರು ಮಾಡಿದರು.

"ಪಾಪ ಮುಚ್ಚಾಕ ಲಕ್ಷ್ಮೀನ ಬೇಕಾದಳೇನ್ರಿ ನಿಮಗ?" ನೇತ್ರಾಳ ದನಿಗೆ ಪಂಚರೂ ಒಂದು ಹೆಜ್ಜೆ ಹಿಂದೆ ಸರಿದರು. "ಯಾರದು ಬಂದೂಕು?"

"ನನಗ ಗೊತ್ತಿಲ್ರಿ..."

"ಯಾರದು?"

"ಸೌಕಾರ್ರದ್ರಿ. ಬಸವಪ್ರಸಾದ ಸೌಕಾರ್ರದು."

ಸದಾಶಿವನಗರದಲ್ಲಿ ಬಂಗಲೆ, ಖಾನಾಪುರದ ಕಡೆ ಕಲ್ಲಿನ ಕ್ರಷರ್, ಕಾಡಿನಂಚಿಗೆ ಹೊಲ: ಬಸವಪ್ರಸಾದ ಅಂಥ ಕುಳ. ಕ್ರಷರಿನ ರಿಪೇರಿ ಕೆಲಸವೆಲ್ಲ ಗುರುಪಾದಪ್ಪನಿಗೇ ಬರುತ್ತಿತ್ತು. ಅವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಕುಳಿತು ಎಲ್ಲ ಹೇಳಿದ. ಸೌಕಾರನ ರೈಫಲ್‌ನ ಬಾಯಿಗೆ ಸದ್ದು ಅಡಗಿಸುವ ಒಂದು ಕೊಳವೆ ಕೂರಿಸಿತ್ತು. ಎಲ್ಲಿಯೋ ಕದ್ದು ಮಾಡಿಸಿದ್ದು. ಚುನಾವಣೆ ಬಂದದ್ದರಿಂದ ಲೈಸೆನ್ಸ್ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಲು ಆದೇಶವಾಗಿತ್ತು. ಕೊಳವೆ ಸಮೇತ ಒಪ್ಪಿಸಿದರೆ ಜೈಲು. ಬಿಚ್ಚಲು ಹೋದರೆ ಅದು ತುಕ್ಕು, ಮಸಿ ಹಿಡಿದು ನಳಿಗೆಗೆ ಕಚ್ಚಿಕೊಂಡಿತ್ತು. ಬಂದೂಕಿನ ಅಂಗಡಿಗೆ ಒಯ್ಯುವಂತಿರಲಿಲ್ಲ. ಹಬ್ಬದ ಮಧ್ಯಾಹ್ನ ಆಟೋ ನಗರದಲ್ಲಿ ನರಪಿಳ್ಳೆಯೂ ಇರುವುದಿಲ್ಲವೆಂದು ಸೌಕಾರ ಇಲ್ಲಿಗೆ ತಂದ.

"ಸಂಜಯ ವೈಸಿಗೆ ಹಿಡಿದು, ಸೀಮೆಎಣ್ಣಿ ಬಿಟ್ಟು, ಪಾನಾ ಹಾಕಿ ತಿರುವಿದ್ರಿ. ಜಪ್ಪಯ್ಯ ಅನ್ನಲಿಲ್ಲ. ಎಣ್ಣಿ ಇಳದೈತೇನಂತ ಬಾಗಿ ನೋಡಾಕತ್ತಿದ್ದ. ಸೌಕಾರ್ರಿಗೆ ತಡೀಲಿಲ್ಲ. ಸುತ್ತಿಗಿ ಕಸಗೊಂಡು ಪಾನಾದ ಮ್ಯಾಲೆ ಜೋರ್ ಬಡದ್ರು. ಬಡದ ಹೊಡತಕ್ಕ ಗುಂಡು ಹಾರ್ತ್ರಿ."

"ಬಂದೂಕು ತುಂಬಿತ್ತಂತ ಗೊತ್ತಿರಲಿಲ್ಲ?"

"ಸಂಜಯ ಕೇಳಿದ್ದ್ರಿ. ಖಾಲಿ ಐತಿ ಅಂದ್ರು ಸೌಕಾರ್ರು."

"ಕುಡಿದಿದ್ದ ಅಂತ ಬರಸಿದ್ದು ಯಾರ ಬುದ್ಧಿ?"

ಗುರುಪಾದಪ್ಪ ತಲೆ ತಗ್ಗಿಸಿದ. "ಕುಡಿದಿದ್ದ ಅಂದ್ರ ಯಾರೂ ಮುಂದ ಕೇಳಂಗಿಲ್ಲ ಅಂದ್ರು ಸೌಕಾರ್ರು."

ನೇತ್ರಾ ಹೊರಗೆ ಬಂದು ಬೀದಿಯಲ್ಲಿ ನಿಂತಳು. ಒಳಗಿದ್ದರೆ ಕೈ ಎತ್ತಿಬಿಡುತ್ತೇನೆಂಬ ಭಯ ಅವಳಿಗೇ ಆಗಿತ್ತು. ಕುಡಿದಿದ್ದನೆಂದರೆ ಯಾರೂ ಕೇಳುವುದಿಲ್ಲವೆಂಬ ಮಾತು ಸುಳ್ಳಾಗಿರಲಿಲ್ಲವಲ್ಲ, ಅದೇ ಅವಳನ್ನು ಸುಡುತ್ತಿತ್ತು. ಗುರುಪಾದಪ್ಪ ಗ್ರೈಂಡರ್ ಅನ್ನದೆ ಬೇರೇನಾದರೂ ಅಂದಿದ್ದರೆ ಕಡತ ಅರ್ಧ ಮುಚ್ಚಿ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಮರಣೋತ್ತರ ಪರೀಕ್ಷೆಯ ವೈದ್ಯರು ಫೋನ್ ಮಾಡಿದರು. ಗುಂಡಿನ ಗಾಯ, ಹೊಟ್ಟೆಯಲ್ಲಿ ಮದ್ಯವಿಲ್ಲ. ಎಫ್‌ಐಆರ್ ಹೊಸದಾಗಿ ಬರೆದು, ಕೊಲೆಯಲ್ಲದ ನರಹತ್ಯೆ, ಸಾಕ್ಷ್ಯನಾಶ, ಶಸ್ತ್ರಾಸ್ತ್ರ ಕಾಯ್ದೆಯ ಕಲಂಗಳನ್ನು ಸೇರಿಸಿದರು. ಬಂಗಲೆಯಲ್ಲಿ ಬಸವಪ್ರಸಾದನಿರಲಿಲ್ಲ. ರೈಫಲ್ ಎಲ್ಲಾದರೂ ಕಂಡರೆ ಹೇಳಬೇಕೆಂದು ನೇತ್ರಾ ಸುತ್ತಲ ಠಾಣೆಗಳಿಗೆ ತಿಳಿಸಿದಳು. ಹತ್ತು ಗಂಟೆಯ ಸುಮಾರಿಗೆ ಖಾನಾಪುರದಿಂದ ಹೆಡ್ ಕಾನ್‌ಸ್ಟೆಬಲ್ ಕಾಂತಾಳ ಫೋನ್ ಬಂತು.

"ಮೇಡಂ, ನಿಮ್ಮ ಗಿರಾಕಿ ನಮ್ಮಲ್ಲೇ ಕುಂತಾರ. ರೈಫಲ್ ಒಪ್ಪಸಾಕ ಬಂದಾರ. ಮುಂದಿನ ತುದಿ ಹೊಸದಾಗಿ ಗರಗಸಲೇ ಕೊಯ್ದಂಗೈತಿ, ಗುರಿ ಹಿಡಿಯೂ ಮಣಿನೂ ಇಲ್ಲ. ಯಾಕ್ರೀ ಹಿಂಗ ಅಂದ್ರ, ಬಿದ್ದು ಮುರೀತು ಅಂತಾರ. ಚಾ ಕೊಟ್ಟು ಕುಂದ್ರಸೀನಿ."

ಕೊಳವೆ ಬಿಚ್ಚದೇ ಹೋದಾಗ ನಳಿಗೆಯ ತುದಿಯನ್ನೇ ಕೊಯ್ದು ಹಾಕಿದ್ದ. ಬಿಚ್ಚುವುದಕ್ಕಿಂತ ಕೊಯ್ಯುವುದೇ ಸುಲಭವಿತ್ತು. ಆ ಬುದ್ಧಿ ಒಂದು ದಿನ ಮೊದಲು ಬಂದಿದ್ದರೆ ಸಂಜಯ ಹೋಳಿಗೆ ಉಂಡು ಮಲಗಿರುತ್ತಿದ್ದ.

ಖಾನಾಪುರ ಠಾಣೆಯ ಕುರ್ಚಿಯಲ್ಲಿ ಬಸವಪ್ರಸಾದ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಎದ್ದೇಳಲಿಲ್ಲ.

"ಲೈಸೆನ್ಸ್ ಎದಕ್ಕ ಐತ್ರಿ?" ಎಂದಳು ನೇತ್ರಾ.

"ಬೆಳಿ ರಕ್ಷಣಾಕ್ಕ. ಹಂದಿ ಕಾಟ."

"ಹಂದಿ ಸದ್ದಿಗೆ ಓಡ್ತಾವು. ಸದ್ದಾಗದ ಬಂದೂಕು ಯಾವ ಹಂದಿ ಓಡಸಾಕ? ಜಿಂಕಿ ಹೊಡೀತಿದ್ರಿ."

ಅವಳು ಡಬ್ಬಿಯಲ್ಲಿದ್ದ ಗುಂಡನ್ನೂ ಗುರುಪಾದಪ್ಪನ ಹೇಳಿಕೆಯನ್ನೂ ಮುಂದಿಟ್ಟಳು. ಮೇಲಿದ್ದ ಕಾಲು ಕೆಳಗಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಪಂಚರ ಎದುರು ಹೊಲದ ಬಾವಿ ತೋರಿಸಿದ. ಕೊಳವೆ, ಅದಕ್ಕಿನ್ನೂ ಕಚ್ಚಿಕೊಂಡಿದ್ದ ನಳಿಗೆಯ ತುಂಡಿನ ಸಮೇತ ಮೇಲೆ ಬಂತು. ದಸ್ತಗಿರಿ ಮೆಮೋಗೆ ಸಹಿ ಹಾಕಿಸಿಕೊಂಡ ಮೇಲೆ ನೇತ್ರಾ ಉಳಿದಿದ್ದ ಒಂದೇ ಪ್ರಶ್ನೆ ಕೇಳಿದಳು.

"ಗುಂಡು ಒಳಗೈತಿ ಅಂತ ಯಾವಾಗ ಗೊತ್ತಾತು?"

"ಆ ಫಿಟ್ಟರ್ ಮೊದಲ ಸಲ ಕೇಳಿದಾಗ ಖರೇನ ಖಾಲಿ ಐತಿ ಅಂತ ತಿಳದಿದ್ದೆ. ಮುಂದ ಮತ್ತ ಕೇಳಿದ. ತಗದು ತೋರಸ್ರಿ ಸೌಕಾರ್ರ ಅಂದ. ಆವಾಗ ನೆನಪಾತು, ಮೊನ್ನೆ ಒಂದು ತುಂಬಿ ಹಂಗ ಬಿಟ್ಟಿದ್ದೆ."

"ತಗದು ಹಾಕಬೇಕಿತ್ತು."

"ಖಾಲಿ ಐತಿ ಅಂತ ಹೇಳಿ ಆಗಿತ್ತಲ್ರೀ, ಗುರುಪಾದಪ್ಪನ ಮುಂದ." ಅವನು ಅವಳಿಗೆ ಅರ್ಥವಾಗಲೇಬೇಕೆಂಬಂತೆ ನೋಡಿದ. "ತಗದಾಗ ಗುಂಡು ಬಿದ್ದಿದ್ರ, ಒಬ್ಬ ಫಿಟ್ಟರ್ ಮುಂದ ನನ್ನ ಮಾತಿಗೆ ಏನ್ ಕಿಮ್ಮತ್ ಉಳೀತಿತ್ತು? ನನಗ ಬಂದೂಕ ಕಲಸ್ತೀ ಏನಲೇ ಅಂತ ಬೈದೆ. ಆ ಸಿಟ್ಟಿನ್ಯಾಗ ಸುತ್ತಿಗಿ ಎತ್ತಿದೆ."

ದ್ವೇಷವಿರಲಿಲ್ಲ, ಹಳೆಯ ಜಗಳವಿರಲಿಲ್ಲ. ಆಡಿದ ಮಾತು ಸುಳ್ಳಾಗಬಾರದು, ಅಷ್ಟೇ. ಅಷ್ಟಕ್ಕೇ ಒಂದು ಜೀವ ಹೋಗಿತ್ತು.

ಬೆಳಗಾವಿಗೆ ಮರಳುವ ಮುನ್ನ ನೇತ್ರಾ ಖಾನಾಪುರದಲ್ಲೇ ಇದ್ದ ಸಂಜಯನ ಮನೆಗೆ ಹೋಗಿ ಎಲ್ಲವನ್ನೂ ಪ್ರಮಿಳಾಳಿಗೆ ಹೇಳಿದಳು. ಮುಚ್ಚಿಡಲು ಮನಸ್ಸಾಗಲಿಲ್ಲ.

"ಹಂಗಾರ ನಮ್ಮನಿಯವರು ಕೇಳಿದ್ರು," ಎಂದಳು ಪ್ರಮಿಳಾ.

"ಕೇಳಿದ್ರು. ಎರಡು ಸಲ."

ಪ್ರಮಿಳಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೋಡ್ರಿ ಬೇಕಾದ್ರ, ನಾಳೆ ಕೋರ್ಟಿನ್ಯಾಗ ಅವರ ವಕೀಲ ಎದ್ದು ನಿಂತು ಅಂತಾನ, ಮೂರನೇ ಸಲ ಯಾಕ ಕೇಳಲಿಲ್ಲ ಅಂತ."